ಅಕ್ಕ ಓಡಿಸಿದರೆ ಮಾತ್ರ

ಆ ಬೀದಿಯಲ್ಲಿ ಅವನನ್ನು ಎಲ್ಲರೂ ಏಣಿ ಅಂತಲೇ ಕರೆಯುತ್ತಿದ್ದರು. ಎತ್ತರ ಅಂದರೆ ಅಷ್ಟಿಷ್ಟಲ್ಲ. ಗ್ಯಾರೇಜಿನ ಶಟರನ್ನು ಪೂರ್ತಿ ಮೇಲೆತ್ತದಿದ್ದರೆ ಪಕ್ಕದ ಪೇಂಟರು ಆರಾಮಾಗಿ ಒಳಗೆ ಬರುತ್ತಿದ್ದ, ಇವನೊಬ್ಬ ಮಾತ್ರ ಹಣೆ ಚಚ್ಚಿಕೊಂಡು ಶಟರಿಗೇ ಬಾಯಿಗೆ ಬಂದಂತೆ ಬೈಯುತ್ತಿದ್ದ. ಇಬ್ಬರು ಮಕ್ಕಳಿಗೆ ಹಂಚಬೇಕಿದ್ದ ಎತ್ತರವನ್ನೆಲ್ಲ ತಾಯಿ ಇವನೊಬ್ಬನಿಗೇ ಸುರಿದುಬಿಟ್ಟಳು ಎಂದು ನೆಂಟರು ತಮಾಷೆ ಮಾಡುತ್ತಿದ್ದರು. ಯಾಕೆಂದರೆ ಅವನ ಅಕ್ಕ ಅವನ ಎದೆಮಟ್ಟಕ್ಕೂ ಬರುತ್ತಿರಲಿಲ್ಲ. ಅಕ್ಕ ತಮ್ಮ ಜೊತೆಯಾಗಿ ನಡೆದುಹೋದರೆ ಯಾರೋ ಮಗಳನ್ನು ಶಾಲೆಗೆ ಬಿಡಲು ಹೊರಟಿದ್ದಾರೆ ಅನ್ನಿಸಬೇಕು. ಹತ್ತಿರ ಹೋದ ಮೇಲಷ್ಟೇ ಗೊತ್ತಾಗುವುದು, ಬೈಸಿಕೊಳ್ಳುತ್ತಿರುವುದು ಉದ್ದನೆಯವನು ಅಂತ.

ಕೆಲಸದಲ್ಲಿ ಮಾತ್ರ ಅವನು ಗಟ್ಟಿ ಆಸಾಮಿ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿತು ಎಂದರೆ ಜನ ಮನೆಗೆ ಬೆಂಕಿ ಬಿದ್ದವರ ಹಾಗೆ ಓಡಿಬರುತ್ತಿದ್ದರು. ಇವನು ಸ್ಟಿಯರಿಂಗಿನ ಕೆಳಗೆ ಸ್ಕ್ಯಾನರಿನ ವೈರು ಸಿಕ್ಕಿಸಿ, ಪರದೆ ನೋಡಿ, ಹಿಂದಕ್ಕೆ ಹೋಗಿ ಸಡಿಲವಾಗಿದ್ದ ಪೆಟ್ರೋಲ್ ಟ್ಯಾಂಕಿನ ಮುಚ್ಚಳವನ್ನು ಕಟಕಟ ಅನ್ನುವ ತನಕ ತಿರುಗಿಸಿ, "ಹೋಗ್ಬನ್ನಿ" ಅನ್ನುತ್ತಿದ್ದ. ಬೆಳಿಗ್ಗೆ ಗಾಡಿ ಸ್ಟಾರ್ಟೇ ಆಗಲ್ಲ ಅಂದರೆ ಮೊದಲು ಬ್ಯಾಟರಿಯ ತುದಿ ನೋಡಬೇಕು. ಬಿಳಿ ಪುಡಿ ಕೂತಿದ್ದರೆ ಬಿಸಿನೀರು, ಹಳೆ ಬ್ರಷ್ಷು, ಅಷ್ಟೇ ಔಷಧಿ. ಎಸಿ ಹಾಕಿದರೆ ಒದ್ದೆ ಬಟ್ಟೆಯ ವಾಸನೆ ಬರುತ್ತದೆ ಅಂದವರಿಗೆ ಅವರದೇ ಫಿಲ್ಟರನ್ನು ಹೊರಗೆಳೆದು ಮೂಗಿನ ಮುಂದೆ ಹಿಡಿಯುತ್ತಿದ್ದ. ಎಂಜಿನ್ನಿಗೆ ಚಳಿಜ್ವರ ಬಂದ ಹಾಗೆ ನಡುಗಿದರೆ ಪ್ಲಗ್ಗಿಗೆ ಕರೆಂಟು ಕೊಡುವ ಯಾವುದೋ ಕಾಯಿಲ್ ಕೈಕೊಟ್ಟಿದೆ, ಇಲ್ಲವೇ ಇಲಿರಾಯರು ವೈರಿನ ಊಟ ಮಾಡಿ ಹೋಗಿದ್ದಾರೆ. ಇಂಥದ್ದನ್ನೆಲ್ಲ ಹಿಡಿದು ಸರಿಮಾಡಿ, ಬಾನೆಟ್ಟನ್ನು ಧಡ್ಡನೆ ಮುಚ್ಚುವಾಗ ಅವನ ಮುಖ ನೋಡಬೇಕಿತ್ತು. ಹಬೆಯಾಡುವ ಅನ್ನದ ಮುಂದೆ ಕೂತವನ ಮುಖ ಅದು. ಬದುಕಿನ ಬಗ್ಗೆ ಅವನಿಗೆ ಅಂಥ ದೂರುಗಳೇನೂ ಇರಲಿಲ್ಲ.

ಒಂದೇ ಒಂದು ಚಾಳಿ ಕೆಟ್ಟದ್ದು. ಓನರುಗಳ ಮಾತಿಗೆ ಅವನು ಕಿವಿಯನ್ನೇ ಕೊಡುತ್ತಿರಲಿಲ್ಲ. ಯಾರಾದರೂ ಬಂದು, "ಎಡಕ್ಕೆ ತಿರುಗಿಸಿದಾಗ ಗುರ್ ಅನ್ನುತ್ತೆ, ಆಮೇಲೆ ಟಿಕ್ ಟಿಕ್..." ಅಂತ ಶುರುಮಾಡಿದರೆ ಕೈ ಅಡ್ಡ ಹಿಡಿದುಬಿಡುತ್ತಿದ್ದ.

"ನೀವು ಹೇಳೋದೇ ಬೇಡ. ಗಾಡಿನೇ ಹೇಳುತ್ತೆ. ಹೋಗಿ ಟೀ ಕುಡ್ಕೊಂಡು ಬನ್ನಿ."

ಜನ ಹೇಳುವುದನ್ನು ಕೇಳಿದರೆ ಇಲ್ಲದ ರೋಗವೆಲ್ಲ ತಲೆಗೆ ಹೊಗುತ್ತದೆ ಅನ್ನುವುದು ಅವನ ವಾದ. ಬಹಳ ಸಲ ಅವನ ಲೆಕ್ಕವೇ ಸರಿಹೋಗಿತ್ತು, ಹಾಗಾಗಿ ಚಾಳಿ ಗಟ್ಟಿಯಾಗಿ ಬೇರೂರಿತು. ಅಯ್ಯೋ, ಗೆದ್ದ ಚಾಳಿಯನ್ನು ಬಿಡುವವರು ಯಾರಿದ್ದಾರೆ ಹೇಳಿ!

ಅಕ್ಕ ನರ್ಸು. ಹಾಸಿಗೆ ಬಿಟ್ಟು ಏಳಲಾಗದವರ ಮನೆಗಳಿಗೆ ಹೋಗಿ ಡ್ರೆಸ್ಸಿಂಗ್ ಬದಲಾಯಿಸುವುದು, ಇಂಜೆಕ್ಷನ್ ಹಾಕುವುದು, ಡ್ರಿಪ್ ಏರಿಸುವುದು, ಇದಕ್ಕೆಂದೇ ಕ್ಲಿನಿಕ್ಕಿನವರು ಅವಳನ್ನು ಇಟ್ಟುಕೊಂಡಿದ್ದರು. ನರ ಸಿಗದ ಕೈಯಲ್ಲೂ ಅವಳಿಗೆ ಮೊದಲ ಸಲಕ್ಕೇ ನರ ಸಿಗುತ್ತಿತ್ತು. ಮುದುಕರು ಅವಳನ್ನು ಬಿಟ್ಟು ಬೇರೆಯವರನ್ನು ಹತ್ತಿರವೂ ಸೇರಿಸುತ್ತಿರಲಿಲ್ಲ. ಮನೆಯಿಂದ ಮನೆಗೆ ಅವಳನ್ನು ಹೊತ್ತು ತಿರುಗುವುದು ಒಂದು ಚಿಕ್ಕ ಬಿಳಿ ಕಾರು. ಅಷ್ಟು ವರ್ಷ ಓಡಿಸಿದವಳು ಒಂದು ಗೀರು ಮಾಡಿದವಳಲ್ಲ.

ಆ ಕಾರು ಈಚೆಗೆ ನಡುರಸ್ತೆಯಲ್ಲಿ ಆಫ್ ಆಗತೊಡಗಿತು. ಹೋಗುತ್ತಾ ಹೋಗುತ್ತಾ ಸದ್ದಿಲ್ಲದೆ ನಿಂತುಬಿಡುವುದು. ಅಕ್ಕ ಗಾಬರಿಯಾಗಿ ಕೆಳಗಿಳಿದು, ಅತ್ತಿತ್ತ ನೋಡಿ, ಮತ್ತೆ ಹತ್ತಿ ಕೀ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟು. ಒಮ್ಮೆಯಂತೂ ದೊಡ್ಡ ಸರ್ಕಲ್ಲಿನಲ್ಲೇ ನಿಂತಿತು. ಹಿಂದೆ ಬಸ್ಸು ಕಿರ್ರೆಂದು ಬ್ರೇಕು ಹಾಕಿದ್ದು ಅವಳ ಕಿವಿಯಿಂದ ಹೋಗಿರಲಿಲ್ಲ.

ಏಣಿ ಕಾರನ್ನು ತಂದಿಟ್ಟುಕೊಂಡ. ಸ್ಕ್ಯಾನರು ಏನೂ ತೋರಿಸಲಿಲ್ಲ. ಫಿಲ್ಟರು ಬದಲಾಯಿಸಿದ, ಪ್ಲಗ್ಗು ತೊಳೆದ, ಏರುದಾರಿಯಲ್ಲೂ ಗುಂಡಿ ಬಿದ್ದ ರಸ್ತೆಯಲ್ಲೂ ಓಡಿಸಿ ನೋಡಿದ. ಕಾರು ಬೆಣ್ಣೆಯ ಹಾಗೆ ಓಡಿತು. ಅಕ್ಕನ ಗಂಡ, ಹೊಟ್ಟೆ ಚೆನ್ನಾಗಿ ಬೆಳೆಸಿದ ದುಂಡನೆಯ ಮನುಷ್ಯ, ರಜೆ ಹಾಕಿ ತಾನೂ ಓಡಿಸಿ ನೋಡಿದ. ಒಂದು ಸಲವೂ ನಿಲ್ಲಲಿಲ್ಲ. ಅಕ್ಕ ಹತ್ತಿ ಕೂತಳು, ಎರಡು ಬೀದಿ ದಾಟುವುದರೊಳಗೆ ನಿಂತಿತು.

"ನೀನು ಪಕ್ಕದಲ್ಲಿ ಕೂತ್ಕೋ, ನಾನು ಓಡಿಸ್ತೀನಿ. ನಿಂತಾಗ ನೀನೇ ಕಣ್ಣಾರೆ ನೋಡು" ಎಂದು ಅಕ್ಕ ಕೇಳಿಕೊಂಡಳು.

"ಅಕ್ಕಾ, ನನಗೆಲ್ಲಿದೆ ಪುರುಸೊತ್ತು? ಗಾಡಿನ ನಾನು ಇಂಚಿಂಚು ನೋಡಿದೀನಿ" ಅಂದ ಏಣಿ. ಅಲ್ಲಿಗೆ ಸುಮ್ಮನಾಗಬಹುದಿತ್ತು. ಆದರೆ ಆಗಲಿಲ್ಲ. "ಕಾರಿಗೆ ಏನೂ ಆಗಿಲ್ಲ. ನೀನು ಕ್ಲಚ್ ಬಿಡೋದ್ರಲ್ಲೇ ಏನೋ ಎಡವಟ್ಟಾಗ್ತಿದೆ. ವಯಸ್ಸಾದ ಹಾಗೆ ಕಾಲಿನ ಲೆಕ್ಕ ತಪ್ಪುತ್ತೆ ಅಕ್ಕ, ಎಲ್ಲರಿಗೂ ಆಗೋದೇ."

ಅಕ್ಕ ಬ್ಯಾಗನ್ನು ಹೆಗಲಿಗೆ ಏರಿಸಿಕೊಂಡಳು. ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು.

ಭಾವನಿಗೆ ಅಷ್ಟು ಸಾಕಾಯಿತು. ಅವನು ಕೆಟ್ಟವನಲ್ಲ, ಹೆದರುಪುಕ್ಕಲ. ಬಸ್ಸಿನ ಸುದ್ದಿ ಕೇಳಿದ ದಿನದಿಂದ ಹೆಂಡತಿ ಮನೆಗೆ ಬರುವ ತನಕ ಬಾಗಿಲಲ್ಲೇ ನಿಂತಿರುತ್ತಿದ್ದ. "ನಿನ್ನ ಜೀವಕ್ಕಿಂತ ಕಾರು ಹೆಚ್ಚೇನೇ? ಮಾರಿಬಿಡೋಣ. ಕ್ಲಿನಿಕ್ಕಲ್ಲಿ ಚೀಟಿ ಬರೆಯೋ ಜಾಗ ಖಾಲಿ ಇದೆಯಂತೆ, ಕೂತು ಕೆಲಸ ಮಾಡು" ಅಂದ. ಕೂತು ಚೀಟಿ ಬರೆಯುವುದು! ಮನೆಮನೆಗೆ ಹೋಗಿ ರೋಗಿಗಳ ಜೊತೆ ಜಗಳವಾಡಿ ಔಷಧಿ ನುಂಗಿಸುವುದರಲ್ಲೇ ಜೀವ ಇಟ್ಟುಕೊಂಡವಳಿಗೆ ಇದಕ್ಕಿಂತ ಶಿಕ್ಷೆ ಬೇಕೆ? ತಪ್ಪು ನಿನ್ನ ಕಾಲಿನದೇ ಎಂದು ಬೇರೆಯವರು ಹೇಳಿದ್ದರೆ ಅವಳು ಬೆವರಿಳಿಸಿ ಕಳಿಸುತ್ತಿದ್ದಳು. ಆದರೆ ಹೇಳಿದ್ದು ಕಾರಿನ ಹುಟ್ಟುಗುಣ ಬಲ್ಲ ತಮ್ಮ. ಅವನೇ ಹಾಗಂದ ಮೇಲೆ ಇನ್ನೇನು ಎಂದು ಒಪ್ಪಿಬಿಟ್ಟಳು.

ಕಾರು ನೋಡಲು ಗಿರಾಕಿ ಬರುವ ದಿನ ಬೆಳಿಗ್ಗೆ, ಅದನ್ನು ತೊಳೆದು ಒರೆಸಿಕೊಡಲೆಂದು ಅಕ್ಕ ತಾನೇ ಓಡಿಸಿಕೊಂಡು ಗ್ಯಾರೇಜಿಗೆ ಬಂದಳು. ಇದೇ ಕೊನೆ ಸಲ ಎಂದು ಬಹಳ ಜೋಪಾನವಾಗಿ ಬಂದಳು. ರಸ್ತೆಯಿಂದ ಗ್ಯಾರೇಜಿಗೆ ಇಳಿಯುವಲ್ಲಿ ಒಂದು ಉಬ್ಬು ಇದೆ. ಮುಂದಿನ ಚಕ್ರ ಅದನ್ನು ಹತ್ತಿ ಇಳಿಯಿತೋ ಇಲ್ಲವೋ, ಕಾರು ಆಫ್. ಅರ್ಧ ಗ್ಯಾರೇಜಿನ ಕಡೆಗೆ, ಅರ್ಧ ರಸ್ತೆಗೆ ಅಡ್ಡ. ಎರಡೂ ಕಡೆಯಿಂದ ಹಾರ್ನ್ ಶುರುವಾಯಿತು. ಸಾಮಾನಿನ ಗಾಡಿಯವನೊಬ್ಬ ತಲೆ ಹೊರಗೆ ಹಾಕಿ, "ಬರದೇ ಇದ್ರೆ ಯಾಕ್ರೀ ಓಡಿಸ್ತೀರಾ?" ಎಂದು ಕಿರುಚಿದ. ಅಕ್ಕ ಇಳಿದು, ಬ್ಯಾಗನ್ನು ಅವಚಿಕೊಂಡು ಗೋಡೆಗೆ ಒರಗಿ ನಿಂತಳು.

ಏಣಿ ಓಡಿಬಂದ. ಆ ಗಲಾಟೆಯಲ್ಲಿ ಸೀಟು ಗೀಟು ನೋಡಲು ಎಲ್ಲಿ ಸಮಯ? ಇದ್ದ ಹಾಗೇ ಒಳಗೆ ನುಗ್ಗಿದ. ಅಕ್ಕನ ಸೀಟು ಅಂದರೆ ಸ್ಟಿಯರಿಂಗಿಗೆ ಮುತ್ತಿಡುವಷ್ಟು ಮುಂದಕ್ಕೆ. ಇವನ ಮೊಣಕಾಲು ಗಲ್ಲಕ್ಕೆ ಬಂತು, ತಲೆ ಮೇಲ್ಛಾವಣಿಗೆ ಬಡಿಯಿತು. ಹಾಗೇ ಮುದುಡಿಕೊಂಡು ಕೀ ತಿರುಗಿಸಿದ. ಎಂಜಿನ್ನು ಕುಯ್ ಕುಯ್ ಅಂತ ತಿರುಗಿತೇ ವಿನಾ ಹತ್ತಲಿಲ್ಲ. ಮತ್ತೆ ತಿರುಗಿಸಿದ. ಇಲ್ಲ.

ಈ ಕಾರು ಅವನ ಕೈಗೆ ಕೈಕೊಟ್ಟದ್ದು ಅದೇ ಮೊದಲು. ಉಸಿರಾಡಲಾದರೂ ಜಾಗ ಬೇಕಲ್ಲ ಎಂದು ಕೆಳಗಿನ ಸರಳೆಳೆದು ಸೀಟನ್ನು ಹಿಂದಕ್ಕೆ ನೂಕಿದ. ಕೀ ತಿರುಗಿಸಿದ. ಭರ್ ಎಂದು ಸ್ಟಾರ್ಟ್!

ಹಾರ್ನುಗಳು ಹೊಡೆದುಕೊಳ್ಳುತ್ತಲೇ ಇದ್ದವು, ಏಣಿಗೆ ಕೇಳಿಸಲಿಲ್ಲ. ಮೆಲ್ಲಗೆ ಸೀಟನ್ನು ಮುಂದಕ್ಕೆ ಎಳೆದ. ಎಂಜಿನ್ನು ಸತ್ತಿತು. ಹಿಂದಕ್ಕೆ ನೂಕಿ ಕೀ ತಿರುಗಿಸಿದ. ಬದುಕಿತು. ಮತ್ತೆ ಮುಂದಕ್ಕೆ. ಸತ್ತಿತು.

"ಅಕ್ಕಾ!" ಎಂದು ಅವನು ಅರಚಿದ್ದು ಬೀದಿಯ ಕೊನೆಯ ಮನೆಗೂ ಕೇಳಿಸಿರಬೇಕು. "ಅಕ್ಕಾ, ನಿಂದಲ್ಲ ಕಣೇ ತಪ್ಪು! ನಿಂದಲ್ಲ! ಥೂ ನನ್ನ, ನಾನೆಂಥ ಕತ್ತೆ!"

ಕಾರನ್ನು ಒಳಗೆ ತಂದ ಮೇಲೆ ಅವನಿಗೆ ನಗುವೂ ಬಂತು, ನಾಚಿಕೆಯೂ ಆಯಿತು. ಯಾವ ಕಾರು ಹತ್ತಿದರೂ ಅವನ ಕೈ ಮೊದಲು ಹೋಗುವುದು ಸೀಟಿನ ಕೆಳಗಿನ ಸರಳಿಗೆ. ಹಿಂದಕ್ಕೆ ತಳ್ಳಿ ಕೂತ ಮೇಲೆಯೇ ಉಳಿದದ್ದು. ಭಾವನೂ ಅಷ್ಟೇ, ಹೊಟ್ಟೆಗೆ ಜಾಗ ಮಾಡಿಕೊಂಡೇ ಓಡಿಸಿದ್ದ. ಅಂದರೆ ಕಾಯಿಲೆ ಹುಡುಕಲು ಬಂದವರೆಲ್ಲ ಕಾಯಿಲೆಯನ್ನು ತಾವೇ ಕೈಯಾರೆ ಅಡಗಿಸಿ, ಆಮೇಲೆ ಹುಡುಕಲು ಕೂತಿದ್ದರು!

ಸೀಟಿನ ಅಡಿಗೆ ಕೈ ತೂರಿಸಿ ತಡಕಾಡಿದ. ಪೆಟ್ರೋಲ್ ಪಂಪಿಗೆ ಹೋಗುವ ವೈರಿನ ಕಟ್ಟು ಕ್ಲಿಪ್ಪಿನಿಂದ ಕಳಚಿಕೊಂಡು ಸೀಟಿನ ಕಬ್ಬಿಣಕ್ಕೆ ಸಿಕ್ಕಿಕೊಂಡಿತ್ತು. ಸೀಟು ಪೂರ್ತಿ ಮುಂದೆ ಹೋದಾಗ ಅದು ಬಿಗಿಯಾಗುವುದು. ಮೇಲೆ ಭಾರ ಬಿದ್ದು ರಸ್ತೆ ಕುಲುಕಿದರೆ ಒಳಗೆ ಹರಿದ ತಂತಿ ಬೇರೆಯಾಗಿ ಪಂಪಿಗೆ ಕರೆಂಟು ತಪ್ಪುವುದು. ಅಕ್ಕ ಇಳಿದರೆ ಭಾರ ತಗ್ಗಿ ತಂತಿ ಮತ್ತೆ ಕೂಡಿಕೊಳ್ಳುವುದು. ಏಣಿಯ ಭಾರಕ್ಕಂತೂ ರಸ್ತೆ ಕುಲುಕುವುದೂ ಬೇಕಿರಲಿಲ್ಲ. ಪಂಪಿನ ವೈರು ಹರಿದರೆ ಹೇಳುವ ವ್ಯವಸ್ಥೆ ಆ ಕಾರಿನ ಕಂಪ್ಯೂಟರಿನಲ್ಲಿ ಇರಲೇ ಇಲ್ಲ, ಸ್ಕ್ಯಾನರು ತಾನೆ ಏನು ಮಾಡೀತು? ಸಿಕ್ಕಿತು ಎಂಬ ಉಮೇದಿನಲ್ಲಿ ಅವನು ಕೈಯನ್ನು ಸರಕ್ಕನೆ ಎಳೆದ. ಕಬ್ಬಿಣದ ಅಂಚು ಅಂಗೈಯನ್ನು ಉದ್ದಕ್ಕೆ ಸೀಳಿತು.

"ರಕ್ತ! ತೋರಿಸು ಇಲ್ಲಿ" ಎಂದಳು ಅಕ್ಕ.

"ಮೊದಲು ಇದಾಗ್ಲಿ ತಾಳು."

"ಏನ್ ತಾಳೋದು? ಬಾಯ್ಮುಚ್ಚಿ ಕೈ ಕೊಡು!"

ಬ್ಯಾಗಿನಿಂದ ಹತ್ತಿ ತೆಗೆದು ಗಾಯ ತೊಳೆದು ಬಿಗಿಯಾಗಿ ಪಟ್ಟಿ ಕಟ್ಟಿದಳು. ಆ ಪಟ್ಟಿ ಕೈಯಲ್ಲೇ ಅವನು ಬ್ಯಾಟರಿ ಬಿಚ್ಚಿಟ್ಟು, ಸೀಟು ಎತ್ತಿ, ಹರಿದ ತಂತಿ ಕೂಡಿಸಿ ಬೆಸುಗೆ ಹಾಕಿದ. ಮೇಲೆ ರಬ್ಬರ್ ಕೊಳವೆ ತೊಡಿಸಿ, ಕಟ್ಟನ್ನು ಕ್ಲಿಪ್ಪಿನೊಳಗೆ ಕೂರಿಸಿ, ಇನ್ನು ಕದಲದಂತೆ ಕಟ್ಟಿದ. ಎಲ್ಲ ಮುಗಿದ ಮೇಲೆ ಸೀಟನ್ನು ತಾನೇ ಪೂರ್ತಿ ಮುಂದಕ್ಕೆ ಎಳೆದು ಕೀಯನ್ನು ಅಕ್ಕನ ಕೈಗಿಟ್ಟ.

"ತುಕ್ಕು ಕಬ್ಬಿಣ ಕೊಯ್ದಿದೆ, ಇಂಜೆಕ್ಷನ್ ಆಗ್ಲೇಬೇಕು. ಹತ್ತು, ಕ್ಲಿನಿಕ್ಕಿಗೆ ಹೋಗೋಣ" ಎಂದಳು ಅಕ್ಕ.

"ಆ ಉಬ್ಬಿನ ಮೇಲೇ ಹೋಗು."

ಉಬ್ಬಿನ ಮೇಲೆ ಹೋದಳು. ಗುಂಡಿಗಳ ಮೇಲೂ ಹೋದಳು. ಬೇಕೆಂದೇ ಸರ್ಕಲ್ಲಿಗೆ ಒಂದು ಸುತ್ತು ಹೆಚ್ಚಿಗೆ ಹಾಕಿದಳು. ಕಾರು ಎಲ್ಲೂ ಕೆಮ್ಮಲಿಲ್ಲ. ಅವಳ ಎಡಗಾಲು ಕ್ಲಚ್ಚಿನ ಮೇಲೆ ಮೆತ್ತಗೆ ಏರಿಳಿಯುವುದನ್ನು ಏಣಿ ದಾರಿಯುದ್ದಕ್ಕೂ ನೋಡಿದ. ಅಷ್ಟು ಚೆಂದ ಕ್ಲಚ್ ಬಿಡುವವರನ್ನು ಅವನು ತನ್ನ ಗ್ಯಾರೇಜಿನಲ್ಲೂ ಕಂಡಿರಲಿಲ್ಲ. ಜೇಬಿನಿಂದ ಫೋನ್ ತೆಗೆದು ಭಾವನಿಗೆ ಹಚ್ಚಿದ.

"ಭಾವ, ಗಿರಾಕಿಗೆ ಬೇಡ ಅಂದ್ಬಿಡಿ. ತಪ್ಪು ಕಾರಿಂದು, ಅದನ್ನ ನೋಡದೇ ಇದ್ದಿದ್ದು ನಂದು. ಅಕ್ಕಂದು ಏನೇನೂ ಇಲ್ಲ."

ಆ ಕಡೆ ಭಾವ ಉಸಿರು ಬಿಟ್ಟದ್ದು ಅಕ್ಕನಿಗೂ ಕೇಳಿಸಿತು.

ಕ್ಲಿನಿಕ್ಕಿನಲ್ಲಿ ಅಕ್ಕನ ಜೊತೆ ಕೆಲಸ ಮಾಡುವ ನರ್ಸು ಏಣಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಔಷಧಿಯನ್ನು ಸಿರಿಂಜಿಗೆ ಎಳೆದು, ತಾನೇ ತೋಳು ಒರೆಸಲು ಬಂದಳು. ಅಕ್ಕ ಸುಮ್ಮನೆ ದೂರ ನಿಂತಿದ್ದಳು.

"ಯಾಕೆ, ಅಕ್ಕ ಹಾಕಲ್ವಾ?" ಎಂದು ಏಣಿ ಕೇಳಿದ.

"ಈಗ ಕೆಲವು ದಿನದಿಂದ ಸೂಜಿ ಹಿಡಿಯೋದೆಲ್ಲ ನಾನೇ. ಅಕ್ಕ ಜೊತೆಗೆ ಬರ್ತಾರೆ, ಕೈ ಮಾತ್ರ ಹಾಕಲ್ಲ" ಅಂದಳು ಆಕೆ.

ಏಣಿ ತಬ್ಬಿಬ್ಬಾಗಿ ಅಕ್ಕನ ಕಡೆ ತಿರುಗಿದ. ಅವಳು ಕಿಟಕಿಯ ಕಡೆ ನೋಡುತ್ತಾ ಹೇಳಿದಳು: "ಕಾಲಿನ ಲೆಕ್ಕ ತಪ್ತಿದೆ ಅಂದ್ಯಲ್ಲ. ಕಾಲು ತಪ್ಪಿದ್ರೆ ಕೈ ತಪ್ಪಲ್ಲ ಅಂತ ಏನ್ ಗ್ಯಾರಂಟಿ? ಪಾಪ, ನನ್ನ ನಂಬಿ ಕೈ ಚಾಚೋರಿಗೆ ಏನಾದ್ರೂ ಆದ್ರೆ? ನನಗೆ ಧೈರ್ಯ ಬರ್ಲಿಲ್ಲ ಕಣೋ."

ಕಾರಿನ ಬಗ್ಗೆ ಆಡಿದ ಮಾತು ಇಷ್ಟು ದೂರ ಬಂದು ಅವಳ ಕೈಯನ್ನೇ ಹಿಡಿದು ನಿಲ್ಲಿಸಿದೆ ಎಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಅಂಗಿಯ ತೋಳನ್ನು ಇನ್ನಷ್ಟು ಮೇಲೇರಿಸಿದ.

"ನೀನೇ ಹಾಕ್ಬೇಕು. ಬೇರೆ ಯಾರು ಹಾಕಿದ್ರೂ ನಾನು ಹಾಕಿಸ್ಕೊಳಲ್ಲ."

ಅಕ್ಕ ಬೇಸಿನ್ನಿನ ಹತ್ತಿರ ಹೋಗಿ ಕೈ ತೊಳೆದು ಒರೆಸಿಕೊಂಡು, "ಕೊಡಮ್ಮ ಇಲ್ಲಿ" ಎಂದು ಸಿರಿಂಜು ಇಸಿದುಕೊಂಡಳು. ತಮ್ಮ ಕೂತಿದ್ದರೂ ಅವನ ತೋಳು ಅವಳ ಕಣ್ಣಿನ ಮಟ್ಟಕ್ಕಿತ್ತು.

"ಸಡಿಲ ಬಿಡು. ಕಂಬದ ಹಾಗೆ ಬಿಗಿ ಹಿಡೀಬೇಡ."

ಅವನು ಕಣ್ಣು ಮುಚ್ಚಿ ಹಲ್ಲು ಕಚ್ಚಿ ಕಾದ. ಬಹಳ ಹೊತ್ತು ಕಾದ.

"ಹಾಕಕ್ಕಾ."

"ಹಾಕಿ ಆಯ್ತಲ್ಲೋ. ಹತ್ತಿ ಒತ್ತಿ ಹಿಡ್ಕೋ."

ನರ್ಸು ಕಿಸಕ್ಕನೆ ನಕ್ಕಳು. ಅಕ್ಕ ನಗಲಿಲ್ಲ. ತನ್ನ ಬಲಗೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡಳು. ಆಮೇಲೆ ಕೇಳಿದಳು: "ಆ ನರ ಸಿಗದ ಅಜ್ಜಿಗೆ ಇವತ್ತು ಡ್ರಿಪ್ ಇದೆ ಅಲ್ವಾ? ನೀನು ಬರೋದು ಬೇಡಮ್ಮ, ನಾನೇ ಹಾಕಿ ಬರ್ತೀನಿ." ಬ್ಯಾಗು ಹೆಗಲಿಗೇರಿಸಿ, ಕೀ ಎತ್ತಿಕೊಂಡು, ದುಡುದುಡು ಮೆಟ್ಟಿಲಿಳಿದು ಹೋಗಿಯೇಬಿಟ್ಟಳು. ಹೊರಗೆ ಕಾರು ಸ್ಟಾರ್ಟ್ ಆದದ್ದು ಕೇಳಿಸಿತು.

ತಮ್ಮನನ್ನು ಗ್ಯಾರೇಜಿಗೆ ವಾಪಸು ಬಿಡಬೇಕೆಂಬುದು ಆ ಮಹಾತಾಯಿಗೆ ನೆನಪೇ ಆಗಿರಲಿಲ್ಲ. ಏಣಿ ತೋಳಿನ ಮೇಲಿನ ಹತ್ತಿಯನ್ನು ಒತ್ತಿ ಹಿಡಿದು ಬಿಸಿಲಿನಲ್ಲಿ ನಡೆದೇ ಹೊರಟ. ದಾರಿಯಲ್ಲಿ ಸಿಕ್ಕವರೆಲ್ಲ ಕೈಗೇನಾಯಿತು ಎಂದು ಕೇಳಿದರು, ಅವನು ನಗುತ್ತಾ ನಿಂತು ಒಬ್ಬೊಬ್ಬರಿಗೂ ಮೊದಲಿನಿಂದ ಹೇಳಿದ.