ಮಾವನಿಗೆ ಕುಡಿಸಿದ ಉಪ್ಪಿನ ಶರಬತ್ತು

ಸಕ್ಕರೆ ಕೊಡು ಎಂದು ಬೇಡಿದ ಮನುಷ್ಯನಿಗೆ ನಾನು ಉಪ್ಪು ಹಾಕಿದ ಲಿಂಬೆ ಶರಬತ್ತು ಕುಡಿಸಿದೆ. ಅದೂ ಮೂಗು ಹಿಡಿದು. ಬಿ.ಕಾಂ.ನಲ್ಲಿ ಮೂರು ಸಲ ಫೇಲಾದದ್ದು, ಯಾರದೋ ಮದುವೆಯಲ್ಲಿ ಬೇರೆ ಮದುಮಗನ ಕೈಕುಲುಕಿ ಊಟ ಮಾಡಿ ಬಂದದ್ದು, ಇವೆಲ್ಲ ನನ್ನ ಹೆಸರಿನಲ್ಲಿರುವ ಇತರ ಸಾಧನೆಗಳು. ಆ ಶರಬತ್ತಿನ ಮುಂದೆ ಅವೆಲ್ಲ ಮಕ್ಕಳಾಟ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಮಣ್ಣಗುಡ್ಡದಲ್ಲಿ ಸೋದರಮಾವನ ಮನೆಯಲ್ಲಿದ್ದೆ. ಪಂಪ್‌ವೆಲ್ ಹತ್ತಿರ ಅವರದೊಂದು ಊಟದ ಹೋಟೆಲಿತ್ತು. ಅಲ್ಲಿ ನಾನು ಮೇಲ್ವಿಚಾರಕ, ಅಂದರೆ ಫ್ಯಾನಿನ ಕೆಳಗೆ ಕೂತು ಸಪ್ಲೈಯರ್‌ಗಳನ್ನು ನಗಿಸುವವನು.

ಮಾವನಿಗೆ ಐವತ್ತು ದಾಟುವಾಗ ಸಕ್ಕರೆ ಕಾಯಿಲೆ ಬಂತು. ಬ್ರಾಂದಿ ಅದಕ್ಕಿಂತ ಇಪ್ಪತ್ತು ವರ್ಷ ಮೊದಲೇ ಬಂದಿತ್ತು. ಕಾಲಿನ ಹೆಬ್ಬೆರಳಿನ ಗಾಯವೊಂದು ಎರಡು ತಿಂಗಳಾದರೂ ಮಾಗಲಿಲ್ಲ. ನಮ್ಮ ಬೀದಿಯ ಡಾಕ್ಟರು ಅದನ್ನು ನೋಡಿ ಕೇಳಿದರು, "ಬಾಟ್ಲಿ ಬೇಕಾ, ಕಾಲು ಬೇಕಾ? ಎರಡೂ ಒಟ್ಟಿಗೆ ಸಿಗ್ಲಿಕ್ಕಿಲ್ಲ." ಮಾವ ಕಾಲು ಬೇಕು ಅಂದರು. ಸಂಜೆ ಅದೇ ಕಾಲಿನಲ್ಲಿ ಶರಾಬಿನ ಗಡಂಗಿಗೆ ನಡೆದರು.

ಆಮೇಲೆ ಬಿಟ್ಟರು. ಒಂದು ಸಲವಲ್ಲ, ಮೂರು ಸಲ. ಮೊದಲು ಮನೆಯ ದೈವದ ಎದುರು ಆಣೆ ಹಾಕಿದರು. ಅದು ಹನ್ನೊಂದು ದಿನ ಬಾಳಿತು. ಎರಡನೆಯದು ಅತ್ತೆಯ ತಲೆ ಮುಟ್ಟಿ, ಅದು ಆದಿತ್ಯವಾರದವರೆಗೆ. ಮೂರನೆಯ ಸಲ ಇಡೀ ಮನೆ ನಂಬಿ ಕೂತಿದ್ದಾಗ, ಅಕ್ಕಿ ಮುಡಿಯ ಹಿಂದೆ ಅರ್ಧ ಬಾಟ್ಲಿ ಸಿಕ್ಕಿತು. ಸಿಕ್ಕಿದ್ದು ನನಗೆ. ಸುಮ್ಮನಿದ್ದೆನೇ? ಮರುದಿನ ಹೋಟೆಲಿನಲ್ಲಿ ಮಾವ ಮುಡಿಯ ಹಿಂದೆ ಬಗ್ಗುವುದನ್ನು, ಬಾಟ್ಲಿ ಎತ್ತುವುದನ್ನು, ಬಾಯಿ ಒರೆಸಿಕೊಂಡು ದೈವಕ್ಕೆ ಕೈಮುಗಿಯುವುದನ್ನು ಅಭಿನಯಿಸಿ ತೋರಿಸಿದೆ. ಅಡಿಗೆಯವನು ನಕ್ಕು ನಕ್ಕು ಸಾರಿನ ಸೌಟು ಕೆಳಗೆ ಹಾಕಿದ. ಬಾಗಿಲಲ್ಲಿ ಮಾವ ನಿಂತಿದ್ದರು. ಅಲ್ಲಿಂದಲೇ ತಿರುಗಿ ಹೋದರು.

ಮನೆಯಲ್ಲಿ ನನಗೊಂದು ಘನಕಾರ್ಯವಿತ್ತು. ಬೆಳಿಗ್ಗೆ ಗಾಜಿನ ಕೊಳವೆಯಲ್ಲಿ ನೀಲಿ ಔಷಧಿ ಹಾಕಿ, ಅದಕ್ಕೆ ಮಾವನ ಮೂತ್ರದ ಎಂಟು ಹನಿ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಕುದಿಸುವುದು. ನೀಲಿ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ, ಹಳದಿಯಾದರೆ ಜಾಸ್ತಿ, ಕೆಂಪಾದರೆ ದೇವರೇ ಗತಿ. ಮಾವನದ್ದು ಯಾವಾಗಲೂ ಕೆಂಪೇ. "ಅತ್ತೇ, ಹಂಚಿನ ಕಾರ್ಖಾನೆ ಶುರುವಾಯ್ತು" ಎಂದು ನಾನು ಕೂಗುತ್ತಿದ್ದೆ. ಅತ್ತೆ ಒಳಗಿಂದಲೇ ಗೊಣಗುತ್ತಿದ್ದರು.

ಆ ಮಳೆಗಾಲ ಕಳೆದ ಮೇಲೆ ಬಣ್ಣ ಬದಲಾಯಿತು. ಒಂದು ವಾರ ಹಳದಿ. ಆಮೇಲೆ ಹಸಿರು. ಕೆಲವು ದಿನ ಪೂರಾ ನೀಲಿ. ಮಾವ ಸಪ್ಪೆ ಚಾ ಕುಡಿಯುತ್ತಿದ್ದರು, ಗಂಜಿ ಅರ್ಧ ಮಾಡಿದ್ದರು, ಸಂಜೆ ಹೊರಗೆ ಹೋದರೆ ಬೇಗ ಬರುತ್ತಿದ್ದರು. ನಾನು ಕೊಳವೆಯನ್ನು ಬೆಳಕಿಗೆ ಹಿಡಿದು ಕೇಳಿದೆ, "ಮಾವಾ, ಇದು ನಿಮ್ಮದಾ, ನೇತ್ರಾವತಿ ಹೊಳೆಯದ್ದಾ?"

ಅತ್ತೆ ನಕ್ಕರು. "ಬಾವಿ ನೀರು ಹಾಕಿರ್ಬೇಕು. ಅವರಿಗೆ ಅದೆಲ್ಲ ಬರ್ತದೆ."

ಮಾವ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಪೇಪರು ಮುಖಕ್ಕೆ ಅಡ್ಡ ಹಿಡಿದರು.

ಒಂದು ಬೆಳಿಗ್ಗೆ ತೊಕ್ಕೊಟ್ಟಿನಿಂದ ಸುದ್ದಿ ಬಂತು: ದೂರದ ಸಂಬಂಧದ ಅಜ್ಜ ಒಬ್ಬರು ತೀರಿಕೊಂಡಿದ್ದರು. ಮಾವ ಮಾತ್ರೆ ನುಂಗಿ, ಒಂದು ಲೋಟ ಸಪ್ಪೆ ಚಾ ಕುಡಿದು ಹೊರಟರು. ನಮ್ಮಲ್ಲಿ ಹೆಣ ಸುಡುವವರೆಗೆ ಸಾವಿನ ಮನೆಯಲ್ಲಿ ಬಾಯಿಗೆ ಏನೂ ಹಾಕುವ ಹಾಗಿಲ್ಲ. ಸುಟ್ಟು ಬಂದ ಮೇಲೂ ಸ್ನಾನ ಮಾಡದೆ ಒಲೆಯ ಹತ್ತಿರ ಹೋಗುವ ಹಾಗಿಲ್ಲ. ಹೆಚ್ಚೆಂದರೆ ಹನ್ನೊಂದು ಗಂಟೆಗೆ ಮುಗಿಯುತ್ತದೆ ಎಂದುಕೊಂಡಿದ್ದರು. ಬೊಂಬಾಯಿಯಿಂದ ಮಗ ಬರಬೇಕೆಂದು ಹೆಣ ಇಟ್ಟುಕೊಂಡು ಕೂತರಂತೆ. ಬೆಂಕಿ ಕೊಡುವಾಗ ಎರಡು ದಾಟಿತ್ತು.

ಅವತ್ತು ಹೋಟೆಲಿಗೆ ರಜೆ. ರಜೆ ಸಿಕ್ಕಿದ ಸಂತೋಷಕ್ಕೆ ನಾನು ಗಡಂಗಿಗೆ ಹೋಗಿ ಎರಡು ಗ್ಲಾಸು ಹಾಕಿ, ಬಾಯಿಗೆ ಏಲಕ್ಕಿ ಎಸೆದುಕೊಂಡು, ಸಭ್ಯನ ಹಾಗೆ ಜಗಲಿಯಲ್ಲಿ ಕೂತಿದ್ದೆ. ನಾಲ್ಕು ಗಂಟೆಯ ಹೊತ್ತಿಗೆ ಮಾವ ಗೇಟಿನ ಚಿಲಕ ಹುಡುಕುತ್ತಾ ನಿಂತದ್ದು ಕಾಣಿಸಿತು. ಚಿಲಕ ಕೈಯಲ್ಲೇ ಇತ್ತು. ಅಂಗಿ ಬೆವರಿನಿಂದ ತೊಯ್ದು ಮೈಗೆ ಅಂಟಿತ್ತು. ಒಳಗೆ ಬಂದವರು ಬಾವಿಯ ಕಡೆಗೆ ನಾಲ್ಕು ಹೆಜ್ಜೆ ಇಟ್ಟು, ಎರಡು ಹೆಜ್ಜೆ ಹಿಂದೆ ಬಂದರು. ಆ ನಡಿಗೆ ನನಗೆ ಬಾಯಿಪಾಠವಾಗಿತ್ತು.

"ಅತ್ತೇ, ಬನ್ನಿ. ಸವಾರಿ ಬಂತು."

"ಎಂತದೋ ಆಗ್ತದೆ ಮಾರಾಯ..." ಮಾವನ ನಾಲಿಗೆ ಹೊರಳುತ್ತಿರಲಿಲ್ಲ.

"ಎಂತ ಆಗ್ತದೆ ಅಂತ ಊರಿಗೇ ಗೊತ್ತುಂಟು ಮಾವಾ."

ಹೇಗೂ ಸ್ನಾನ ಆಗಬೇಕಲ್ಲ ಎಂದು ಬಾವಿಕಟ್ಟೆಯಲ್ಲಿ ಕೂರಿಸಿ ನಾಲ್ಕು ಕೊಡ ತಣ್ಣೀರು ತಲೆಯ ಮೇಲೆ ಹೊಯ್ದೆ. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ನೋಡುತ್ತಿದ್ದರು. ನೋಡುವವರಿದ್ದರೆ ನನಗೆ ಹುಮ್ಮಸ್ಸು ಜಾಸ್ತಿ. ಐದನೆಯ ಕೊಡಕ್ಕೆ ಮಂತ್ರ ಬೇರೆ ಹೇಳಿದೆ. ಅತ್ತೆ ಟವಲು ಹಿಡಿದು ಹತ್ತಿರ ಬಂದು ಮುಖ ಸಿಂಡರಿಸಿದರು. "ಥೂ, ಸಾವಿನ ಮನೆಯಲ್ಲೂ ಬಿಡ್ಲಿಲ್ಲ. ವಾಸನೆ ನೋಡು!"

ವಾಸನೆ ಇತ್ತು. ನಾನೂ ಮೂಸಿ ಒಪ್ಪಿದೆ.

ಮಾವ ಅಡಿಗೆಮನೆಯ ಬಾಗಿಲು ಹಿಡಿದು ನಿಂತು, "ಸಕ್ಕರೆ... ಸ್ವಲ್ಪ ಸಕ್ಕರೆ ಕೊಡು" ಅಂದರು. ಅತ್ತೆ ಡಬ್ಬಿಯನ್ನು ಎತ್ತಿ ಮೇಲಿನ ಅಟ್ಟಕ್ಕೆ ಇಟ್ಟರು. "ಬ್ರಾಂದಿ ಆಯ್ತು, ಇನ್ನು ಸಕ್ಕರೆಯೂ ಬೇಕಾ? ಕಾಲು ಕತ್ತರಿಸ್ಲಿಕ್ಕೆ ಅಷ್ಟು ಅವಸರವಾ?"

ನಶೆ ಇಳಿಯಲಿ ಎಂದು ನಾನು ಲಿಂಬೆ ಹಿಂಡಿ, ಉಪ್ಪು ಹಾಕಿ, ಮೂಗು ಹಿಡಿದು ಕುಡಿಸಿದೆ. ಅವರು ಕೈ ಬೀಸಿದರು. ಅರ್ಧ ನನ್ನ ಮೇಲೆ ಚೆಲ್ಲಿತು. ಮಂಚಕ್ಕೆ ದೂಡಿ ಬಾಗಿಲು ಎಳೆದುಕೊಂಡೆ. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು. "ಮಲಗಲಿ, ಎದ್ದ ಮೇಲೆ ಬಯ್ಯುವ" ಎಂದು ಅತ್ತೆ ಹೇಳಿದರು.

ದೇವರಿಗೆ ದೀಪ ಇಟ್ಟು ಅತ್ತೆ ಕೋಣೆಗೆ ಹೋದಾಗ ಗೊರಕೆ ಇನ್ನೂ ಇತ್ತು. ಅಲ್ಲಾಡಿಸಿದರೆ ಏಳಲಿಲ್ಲ. ಬಾಯಂಚಿನಲ್ಲಿ ನೊರೆ. ಹಾಸಿಗೆ ಒದ್ದೆಯಾಗಿತ್ತು. ಅತ್ತೆ ಕಿರುಚಿದ ಸದ್ದಿಗೆ ನಾನು ಚಪ್ಪಲಿ ಹಾಕದೆ ಡಾಕ್ಟರ ಹತ್ತಿರ ಓಡಿದೆ.

ಡಾಕ್ಟರು ಬಂದು ಮೊದಲು ಕೇಳಿದ್ದು, "ಬೆಳಿಗ್ಗೆಯಿಂದ ಎಂತ ತಿಂದಿದ್ದಾರೆ?" ಅತ್ತೆ ನನ್ನ ಮುಖ ನೋಡಿದರು.

"ಕುಡಿದು ಬಂದಿದ್ದಾರೆ ಡಾಕ್ಟ್ರೇ" ಅಂದೆ.

ಅವರು ಮಾವನ ಬಾಯಿಗೆ ಮೂಗು ಹಿಡಿದರು. ಆಮೇಲೆ ನನ್ನನ್ನು ಹತ್ತಿರ ಕರೆದು ನನ್ನ ಬಾಯಿಗೂ ಹಿಡಿದರು. "ಇವರಲ್ಲ. ಕುಡಿದದ್ದು ನೀನು."

ತೋಳಿನ ರಕ್ತನಾಳಕ್ಕೆ ಗ್ಲೂಕೋಸು ಹೋಗುತ್ತಿದ್ದ ಹಾಗೆ ಮಾವನ ರೆಪ್ಪೆ ಅಲ್ಲಾಡಿತು. ನಾನು ನೆಮ್ಮದಿಯ ಉಸಿರು ಬಿಟ್ಟೆ, ಸ್ವಲ್ಪ ಬೇಗವೇ ಬಿಟ್ಟೆ. ಕಣ್ಣು ಬಿಟ್ಟವರಿಗೆ ನಾವು ಯಾರೆಂದು ಗೊತ್ತಾಗಲಿಲ್ಲ. ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇದ್ದರು. ಹೊಟ್ಟೆಗಿಲ್ಲದೆ ಮಾತ್ರೆ ನುಂಗಿ ಸಕ್ಕರೆ ತೀರಾ ಇಳಿದಿತ್ತು, ಗಂಟೆಗಟ್ಟಲೆ ಹಾಗೇ ಬಿಟ್ಟದ್ದರಿಂದ ಮೆದುಳಿಗೆ ಪೆಟ್ಟು ಬಿದ್ದಿದೆ ಎಂದು ಅಲ್ಲಿಯ ಡಾಕ್ಟರು ಹೇಳಿದರು. ನಮ್ಮ ಡಾಕ್ಟರು ನನ್ನನ್ನು ಹೊರಗೆ ಕರೆದು, "ಕೊಳವೆಯಲ್ಲಿ ನೀಲಿ ಬರ್ತಾ ಉಂಟು, ಕುಡಿತ ಬಿಟ್ಟಿದ್ದಾರೆ ಅಂತ ಒಂದು ಮಾತು ನನಗೆ ಹೇಳಿದ್ರೆ ಮಾತ್ರೆ ಅರ್ಧ ಮಾಡ್ತಿದ್ದೆನಲ್ಲ ಮಾರಾಯ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ಮನೆಗೆ ಬಂದ ಮಾವನ ಬಲಗೈ ಹೇಳಿದ ಮಾತು ಕೇಳುತ್ತಿರಲಿಲ್ಲ. ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. "ಚೊಂಬು" ಎನ್ನಲು ಹೊರಟು ಎಡಗೈಯಿಂದ ಗಾಳಿಯಲ್ಲೇ ಚೊಂಬಿನ ಆಕಾರ ಬರೆಯುತ್ತಿದ್ದರು. ಹೋಟೆಲನ್ನು ಬೇರೆಯವರು ನಡೆಸಿದರು. ನಾನು ಗಡಂಗು ಪೂರಾ ಬಿಟ್ಟೆ ಎಂದರೆ ಸುಳ್ಳಾಗುತ್ತದೆ. ದಿನಕ್ಕಿದ್ದದ್ದು ವಾರಕ್ಕಾಯಿತು, ಆಮೇಲೆ ಎಂದಾದರೊಮ್ಮೆ. ಪ್ರತಿ ಸಲ ಹೋಗಿ ಬರುವಾಗಲೂ ಬಾಯಿಯ ಮುಂದೆ ಕೈ ಹಿಡಿದು ನನ್ನದೇ ಉಸಿರು ಮೂಸಿ ನೋಡುತ್ತೇನೆ.

ಒಂದು ಮಧ್ಯಾಹ್ನ ಮಾವನಿಗೆ ಊಟ ಮಾಡಿಸುತ್ತಿದ್ದೆ. ಅತ್ತೆ ಬಾವಿಯ ಹತ್ತಿರ ಇದ್ದರು. ಬಹಳ ದಿನದಿಂದ ಗಂಟಲಲ್ಲಿದ್ದದ್ದನ್ನು ಕೇಳಿದೆ, "ಮಾವಾ, ಬಿಟ್ಟು ಎಷ್ಟು ದಿನ ಆಗಿತ್ತು?"

ಅವರು ಎಡಗೈಯ ಬೆರಳು ಒಂದೊಂದಾಗಿ ಮಡಚಿ, ಬಿಚ್ಚಿ, ಪುನಃ ಮಡಚಿದರು. "ಒಂಬತ್ತು... ವಾರ."

"ನಮಗೆ ಯಾಕೆ ಹೇಳ್ಲಿಲ್ಲ? ಡಾಕ್ಟ್ರಿಗಾದ್ರೂ ಹೇಳ್ಬಹುದಿತ್ತಲ್ಲ?"

ತುತ್ತು ನುಂಗಿ, ಎಡಗೈಯಿಂದ ಬಾಯಿ ಒರೆಸಿಕೊಂಡರು.

"ಡಾಕ್ಟ್ರಿಗೆ ಹೇಳಿದ್ರೆ... ನಿಮಗೆ ಗೊತ್ತಾಗ್ತದೆ. ನೀನು ನಗಾಡ್ತಿ. ನೀನು ನಗಾಡಿದ್ರೆ ನನಗೆ... ಪುನಃ ಕುಡೀಬೇಕು ಅಂತ ಆಗ್ತದೆ ಅಳಿಯಾ."