ಚುಕ್ಕಿಗೆ ಮುಂಚಿನ ಜಾಗ

ಕೊಟ್ಟೂರಿನ ಬಸ್ ನಿಲ್ದಾಣದ ಎದುರು ಓಣಿಯಲ್ಲಿ ಕೋಮಲಾ ಮತ್ತು ಭಾಗ್ಯ ಸೇರಿ ಡಿ.ಟಿ.ಪಿ. ಅಂಗಡಿ ಇಟ್ಟಿದ್ದರು. ಕಾಲೇಜಿನಿಂದಲೂ ಗೆಳತಿಯರು. ಲಗ್ನಪತ್ರಿಕೆ, ಅರ್ಜಿ, ಸಂಘದ ವರದಿ ಎಲ್ಲಕ್ಕೂ ಇದ್ದದ್ದು ಒಂದೇ ಕಂಪ್ಯೂಟರು. ಒಬ್ಬಳು ಓದಿ ಹೇಳಿದರೆ ಇನ್ನೊಬ್ಬಳು ಟೈಪು ಮಾಡುವಳು. ಭಾಗ್ಯಳಿಗೊಂದು ಚಟವಿತ್ತು. ವಾಕ್ಯದ ಕೊನೆಗೆ, ಚುಕ್ಕಿ ಇಡುವ ಮುಂಚೆ, ಒಂದು ಜಾಗ ಖಾಲಿ ಬಿಡುವಳು. ಕೋಮಲಾ ಬೈದುಕೊಂಡೇ ಅದನ್ನು ಅಳಿಸುವಳು.

“ಮಾತು ಮುಗಿಸಾಕ ಮುಂಚೆ ಉಸುರು ತಗೋಬಾರ್ದೇನಲೇ?” ಎಂದು ಭಾಗ್ಯ ನಗುತ್ತಿದ್ದಳು.

೨೦೦೩ರ ಬೇಸಿಗೆಯಲ್ಲಿ ಕಾಮಾಲೆಯಾಗಿ ಭಾಗ್ಯ ತೀರಿಕೊಂಡಳು. ಕೋಮಲಾ ಕೆಲವು ವಾರ ಬಾಗಿಲು ಹಾಕಿದ್ದು, ಮತ್ತೆ ತೆರೆದಾಗ ಕಂಪ್ಯೂಟರು ಕುಂಟುತ್ತಿತ್ತು. ಒಳಗಿದ್ದದ್ದು ಹಳೆಯ ಪೆಂಟಿಯಂ ಟೂ ಪ್ರೊಸೆಸರು; ಹೊಸದಾಗಿ ಹಾಕಿಸಿದ ಕನ್ನಡ ತಂತ್ರಾಂಶದ ಭಾರವನ್ನು ಅದು ತಡೆಯುತ್ತಿರಲಿಲ್ಲ. ಇವಳು ಒಂದು ಸಾಲು ಒತ್ತಿ ಮುಗಿಸಿದ ಮೇಲೆ ಅಕ್ಷರಗಳು ಒಂದೊಂದಾಗಿ ಪರದೆಯ ಮೇಲೆ ಬರುತ್ತಿದ್ದವು.

ಹಂಪಸಾಗರದ ಮಹಿಳಾ ಸಂಘದ ವರದಿ ಹೊಡೆಯುತ್ತಿದ್ದ ಒಂದು ಮಧ್ಯಾಹ್ನ ಕೋಮಲಾ ಸಾಲು ಮುಗಿಸಿ, ಕೈ ಮಡಿಲಲ್ಲಿಟ್ಟು ಕಾದಳು. ಅಕ್ಷರಗಳು ಬಂದವು. ಕೊನೆಯ ಪದವೂ ಬಂತು. ಕರ್ಸರ್ ಮಿಟುಕಿ ಒಂದು ಹೆಜ್ಜೆ ಮುಂದೆ ಸರಿಯಿತು. ಆಮೇಲೆ ಚುಕ್ಕಿ ಬಿತ್ತು.

ಅವಳು ಅಳಿಸಿ ಮತ್ತೆ ಹೊಡೆದಳು. ಮತ್ತೆ ಚುಕ್ಕಿಗೆ ಮುಂಚೆ ಅದೇ ಖಾಲಿ ಜಾಗ. ಅಂಗಡಿಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಪಕ್ಕದ ಖಾಲಿ ಕುರ್ಚಿಯ ಕಡೆಗೆ ತಿರುಗುವ ಧೈರ್ಯವಾಗಲಿಲ್ಲ.

ಕಂಪ್ಯೂಟರು ರಿಪೇರಿ ಮಾಡುವ ಗುರುಶಾಂತ ಕೂಡ್ಲಿಗಿಯಿಂದ ಬಂದ. ಕೀಬೋರ್ಡ್ ಬದಲಿಸಿದ. ತಾನೇ ನಾಲ್ಕಾರು ಸಾಲು ಹೊಡೆದು ನೋಡಿದ.

“ನಾ ಹೊಡೆದ್ರ ಸರಿ ಬರ್ತೈತಲ್ರಿ ಅಕ್ಕಾರ. ಪ್ರೊಸೆಸರ್ ಸೋತೈತಿ ಅಷ್ಟ. ಹೊಸಾ ಕಂಪ್ಯೂಟರ್ ತಗೊಂಡ್ರ ಚಲೋ. ಬ್ಯಾಡಂದ್ರ ಈ ಬೋರ್ಡಿಗೆ ಪೆಂಟಿಯಂ ತ್ರೀ ಕೂಡ್ತೈತಿ. ಅದರ ಮುಂದಿಂದು ಕೂಡಂಗಿಲ್ಲ.”

“ಹಳೇದು ತೆಗೆದ್ರ ಇದರಾಗ ಇರೋದೆಲ್ಲಾ ಹೋಗ್ತೈತೇನ್ರಿ?”

“ಫೈಲ್ ಹಾರ್ಡ್ ಡಿಸ್ಕಿನಾಗ ಇರ್ತಾವ್ರಿ. ಪ್ರೊಸೆಸರಿಗೆ ನೆನಪಿರಂಗಿಲ್ಲ.”

ಅವಳು ಕೇಳಿದ್ದು ಫೈಲಿನ ಮಾತಲ್ಲ. ಆದರೆ ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆ? “ನೋಡಿ ಹೇಳ್ತೀನಿ” ಎಂದು ಕಳಿಸಿದಳು.

ಆ ಮಳೆಗಾಲವೆಲ್ಲ ತೀರ್ಮಾನವಾಗಲಿಲ್ಲ. ಗಿರಾಕಿಗಳು ಕಾದು ಬೇಸತ್ತು ಹಗರಿಬೊಮ್ಮನಹಳ್ಳಿಗೆ ಹೋಗತೊಡಗಿದರು. ಬದಲಿಸಿದರೆ ಆ ಜಾಗ ಹೊರಟುಹೋಗುತ್ತದೆ ಎಂದು ಬೆಳಿಗ್ಗೆ ಅಂಜುವಳು. ಬದಲಿಸಿದ ಮೇಲೂ ಉಳಿದರೆ ಎಂದು ಸಂಜೆ ಇನ್ನೂ ಅಂಜುವಳು. ಕಡೆಗೆ ಉಜ್ಜಿನಿಯ ಕೊಟ್ರಮ್ಮ ಮೊಮ್ಮಗಳ ಲಗ್ನಪತ್ರಿಕೆಗೆಂದು ಬಂದು ಮಧ್ಯಾಹ್ನವೆಲ್ಲ ಬೆಂಚಿನ ಮೇಲೆ ಕೂತು, ಎದ್ದು ಹೋಗುವಾಗ, “ನಿನ್ನ ಯಂತ್ರಕ್ಕ ಏನೋ ಮೆಟ್ಟಿಕೊಂಡೈತವಾ” ಎಂದುಬಿಟ್ಟಳು. ಕೋಮಲಾ ಆ ಸಂಜೆಯೇ ಗುರುಶಾಂತನಿಗೆ ಫೋನು ಮಾಡಿದಳು.

ಅವನು ಕವಚ ಬಿಚ್ಚಿ, ಧೂಳು ಮೆತ್ತಿದ ಕರಿ ಡಬ್ಬಿಯಂಥ ಪ್ರೊಸೆಸರನ್ನು ಕಿತ್ತು ಮೇಜಿನ ಮೇಲಿಟ್ಟ. ಮುಟ್ಟಿದರೆ ಇನ್ನೂ ಬೆಚ್ಚಗಿತ್ತು. ಹೊಸದನ್ನು ಕೂಡಿಸಿ, “ಹೊಡೀರಿ ಅಕ್ಕಾರ” ಎಂದ.

ಬೆರಳು ಮುಟ್ಟಿದ ಕ್ಷಣವೇ ಅಕ್ಷರ ಮೂಡಿತು. ಕೋಮಲಾ ಪರದೆಯನ್ನು ನೋಡುತ್ತ ಒಂದು ವಾಕ್ಯ ಮುಗಿಸಿದಳು. ಕರ್ಸರ್ ಒಂದು ಹೆಜ್ಜೆ ಸರಿಯಿತು, ಚುಕ್ಕಿ ಬಿತ್ತು. ಎರಡನೆಯ ಸಲ ಅವಳು ಪರದೆ ಬಿಟ್ಟು ಕೈಯನ್ನೇ ನೋಡಿದಳು.

ಕೊನೆಯ ಪದ ಮುಗಿದೊಡನೆ ಅವಳ ಬಲ ಹೆಬ್ಬೆರಳು ತಾನೇ ಬಾಗಿ ಜಾಗ ಬಿಡುವ ಉದ್ದನೆಯ ಕೀಲಿಯನ್ನು ಒತ್ತಿತು. ಒತ್ತಿದ್ದು ಅವಳಿಗೆ ಗೊತ್ತೇ ಆಗಲಿಲ್ಲ.

ಇಷ್ಟು ದಿನ ಅಕ್ಷರ ತಡವಾಗಿ ಬರುತ್ತಿದ್ದುದರಿಂದ ಯಾವುದು ಯಾವ ಬೆರಳಿನದೆಂದು ಅವಳು ಕಂಡಿರಲಿಲ್ಲ. ಬಲಗೈಯನ್ನು ಮೇಜಿನ ಅಂಚಿಗೆ ತೆಗೆದಿಟ್ಟು, ಎಡಗೈ ಒಂದರಿಂದಲೇ ನಿಧಾನವಾಗಿ ಹೊಡೆದಳು. ವಾಕ್ಯ ಮುಗಿಯಿತು. ಅಂಚಿನಲ್ಲಿ ಆ ಹೆಬ್ಬೆರಳು ಕಟ್ಟಿಗೆಯ ಮೇಲೆ ಟಕ್ ಎಂದು ತಟ್ಟಿತು.

“ಹೆಂಗೈತ್ರಿ?” ಎಂದ ಗುರುಶಾಂತ, ತಿರುಪು ಬಿಗಿಯುತ್ತ.

“ಜೋರೈತ್ರಿ,” ಎಂದಳು ಕೋಮಲಾ.

ಹೋದ ಗಿರಾಕಿಗಳು ಒಬ್ಬೊಬ್ಬರಾಗಿ ತಿರುಗಿ ಬಂದರು, ಕೊಟ್ರಮ್ಮನೂ ಬಂದಳು. ಪತ್ರಿಕೆಗಳು ಅಚ್ಚಾಗಿ ಊರೂರಿಗೆ ಹೋದವು. ಕೋಮಲಾ ಆ ಜಾಗ ಅಳಿಸುವುದನ್ನು ಬಿಟ್ಟಿದ್ದಳು. ಟೈಪು ಮಾಡುವಾಗ ಕೈಯ ಕಡೆ ನೋಡುವುದನ್ನೂ ಬಿಟ್ಟಳು.