ಹಿಮನದಿಯ ಮೇಲೆ ನಿಂತ ಚುಕ್ಕೆ

ಮಗಳು ಮೌಂಟ್ ಆಸ್ಪೈರಿಂಗ್ ಹತ್ತಲು ಹೊರಟಾಗ ನಾನೂ ನನ್ನ ಗಂಡನೂ ಆಕ್ಲೆಂಡಿನಿಂದ ಆ ಬೆಟ್ಟದ ಹತ್ತಿರದ ವನಾಕಾ ಊರಿನವರೆಗೆ ಅವಳ ಜೊತೆ ಹೋದೆವು. ಆಫೀಸಿನಲ್ಲಿ ರಜೆಯ ಪ್ರವಾಸ ಎಂದು ಹೇಳಿದ್ದೆ. ಮನೆಯಲ್ಲಿ ಕೂತು ಕಾಯುವ ಧೈರ್ಯ ನನಗಿರಲಿಲ್ಲ. ನಾವಿಬ್ಬರೂ ವಿಜಯಪುರದ ಬಿಸಿಲಿನಲ್ಲಿ ಬೆಳೆದವರು. ಈ ದೇಶದಲ್ಲೇ ಹುಟ್ಟಿದ ಇವಳಿಗೆ ಹಿಮವೆಂದರೆ ಆಟದ ಬಯಲು.

ಹೊರಡುವ ಮುನ್ನ ನನ್ನ ಫೋನಿನಲ್ಲಿ ಒಂದು ನಕ್ಷೆ ತೆರೆದಳು. ಅವಳ ಚೀಲಕ್ಕೆ ಸಿಕ್ಕಿಸಿದ್ದ ಪುಟ್ಟ ಯಂತ್ರವು ಅವಳಿರುವ ಜಾಗವನ್ನು ಉಪಗ್ರಹದ ಮೂಲಕ ತಿಳಿಸುತ್ತಿತ್ತು.

"ಅಮ್ಮಾ, ದಿಸ್ ಬ್ಲೂ ಡಾಟ್ ಈಸ್ ಮಿ."

"ಅದು ನಿಂತ್ರ?"

"ದೆನ್ ಐ ಆಮ್ ಹ್ಯಾವಿಂಗ್ ಲಂಚ್," ಎಂದು ನಕ್ಕು, ಪರ್ವತಾರೋಹಣ ಕ್ಲಬ್ಬಿನ ಇಬ್ಬರು ಗೆಳತಿಯರೊಂದಿಗೆ ಕಣಿವೆಯ ಕಡೆ ನಡೆದಳು.

ವನಾಕಾ ಸರೋವರದ ದಂಡೆಯಿಂದ ಆ ಶಿಖರ ದೂರದಲ್ಲಿ ಬಿಳಿ ಕೋರೆಹಲ್ಲಿನಂತೆ ಕಾಣುತ್ತಿತ್ತು. ನನ್ನವರು ಅದರ ಬಗ್ಗೆ ಓದಿ ಓದಿ ಹೇಳುತ್ತಿದ್ದರು. ನೂರು ವರ್ಷಕ್ಕೂ ಹಿಂದೆ ಒಬ್ಬ ಇಂಗ್ಲಿಷ್ ಸೈನ್ಯಾಧಿಕಾರಿ ಇಲ್ಲಿನ ಇಬ್ಬರು ಮಾರ್ಗದರ್ಶಿಗಳ ಜೊತೆ ಮೊದಲು ಅದರ ತುದಿ ಮುಟ್ಟಿದ್ದನಂತೆ. ಅವರೂ ಬೋನಾರ್ ಹಿಮನದಿ ದಾಟಿಯೇ ಹೋಗಿದ್ದರು. ಈಗ ಆ ಹಿಮನದಿ ಕರಗಿ ತೆಳುವಾಗಿದೆ, ಬಿರುಕುಗಳು ಬೇಸಿಗೆಯಲ್ಲಿ ಬೇಗ ಬಾಯಿ ತೆರೆಯುತ್ತವೆ ಎಂದೂ ಓದಿದರು.

"ಸಾಕ್ರಿ, ಮುಂದ ಓದಬ್ಯಾಡ್ರಿ," ಎಂದೆ.

ಚುಕ್ಕೆ ಹಿಮನದಿ ಏರಿ, ಅದರಂಚಿನ ಚಾರಣಿಗರ ತಂಗುಮನೆಯಲ್ಲಿ ರಾತ್ರಿ ಕಳೆದು, ಬೆಳಿಗ್ಗೆ ಶಿಖರದ ಚೂಪಾದ ಬೆನ್ನಿನತ್ತ ಸಾಗಿತು. ಮಧ್ಯಾಹ್ನ ಹಿಂದಿರುಗತೊಡಗಿ, ಹಿಮನದಿಯ ನಡುವೆ ನಿಂತಿತು. ಮತ್ತೆ ಅಲುಗಲಿಲ್ಲ. ಅಷ್ಟರಲ್ಲಿ ಮೋಡ ಶಿಖರವನ್ನು ಪೂರ್ತಿ ನುಂಗಿಬಿಟ್ಟಿತ್ತು.

"ಉಣ್ಣಾಕ ಕುಂತಿರಬೇಕು," ಎಂದರು ನನ್ನವರು.

"ಇಷ್ಟೊತ್ತು ಯಾರ್ ಉಣ್ಣತಾರ್ರಿ, ಐಸ್ ಮ್ಯಾಲ ಕುಂತು?"

ಅವರು ಎದ್ದರು. ಕಾರಿನ ಕೀಲಿ ತೆಗೆದುಕೊಂಡರು.

ಪ್ರಕೃತಿ ಸಂರಕ್ಷಣಾ ಇಲಾಖೆಯ ಕಚೇರಿಯಲ್ಲಿದ್ದ ಹೆಂಗಸು ಫೋನಿನ ನಕ್ಷೆಯನ್ನು ನಿಧಾನವಾಗಿ ನೋಡಿದಳು. ಯಂತ್ರದಲ್ಲಿರುವ ತುರ್ತು ಗುಂಡಿಯನ್ನು ಯಾರೂ ಒತ್ತಿಲ್ಲ, ಅದು ಒಳ್ಳೆಯದೇ, ಮೋಡ ಸರಿಯುವವರೆಗೆ ಹೆಲಿಕಾಪ್ಟರ್ ಹೇಗೂ ಹಾರದು ಎಂದಳು. ಹೊರಗೆ ಬಂದು ನಾನು ಗಂಡನ ತೋಳು ಹಿಡಿದೆ.

"ಒತ್ತಾಕ ಆಗದಂಗ ಬಿದ್ದಿದ್ರ?"

"ಹಂಗ ಅನಬ್ಯಾಡ," ಎಂದರು.

ಕಚೇರಿಯ ಮುಂದಿನ ಬೆಂಚಿನಲ್ಲೇ ಕೂತೆವು. ಪ್ರವಾಸಿಗರು ಐಸ್‌ಕ್ರೀಮ್ ತಿನ್ನುತ್ತ ಹೋಗುತ್ತಿದ್ದರು. ಎಲ್ಲಮ್ಮನಿಗೆ ಏನೇನೋ ಹರಕೆ ಹೊತ್ತೆ. ಏನೆಂದು ಈಗ ನೆನಪಿಲ್ಲ. ಸಂಜೆ ಕಚೇರಿ ಮುಚ್ಚುವ ಮೊದಲು ಆ ಹೆಂಗಸು ಬಾಗಿಲು ತೆರೆದು ನಮ್ಮತ್ತ ಓಡಿ ಬಂದಳು. ಕೆಳಗಿನ ಬೆಟ್ಟದ ಬೆನ್ನಿನ ಮೇಲಿರುವ ಇನ್ನೊಂದು ತಂಗುಮನೆಯಿಂದ ಮೂವರೂ ರೇಡಿಯೊದಲ್ಲಿ ಮಾತಾಡಿದ್ದರು. ನನ್ನವರು ಬೆಂಚಿನ ಮೇಲೆ ಕುಸಿದು, ಮುಖ ಮುಚ್ಚಿಕೊಂಡು ಅತ್ತರು.

ಮರುದಿನ ಕಣಿವೆಯ ರಸ್ತೆ ಮುಗಿಯುವಲ್ಲಿ ಅವಳನ್ನು ಕಂಡಾಗ ಬೈಯಬೇಕೆಂದಿದ್ದೆ. ಅವಳ ಬೆನ್ನಿನ ಚೀಲ ಇಳಿಸಿಕೊಂಡೆ. ನಡೆದದ್ದನ್ನು ಕಾರಿನಲ್ಲಿ ಅವಳೇ ಹೇಳಿದಳು. ಬಿರುಕಿನ ಮೇಲಿದ್ದ ಹಿಮದ ತೆಳು ಹೊದಿಕೆ ಅವಳ ಕಾಲಡಿಯಲ್ಲೇ ಒಡೆದಿತ್ತು. ಯಂತ್ರ ಕಿತ್ತುಕೊಂಡು ಆಳಕ್ಕೆ ಬಿದ್ದಿತ್ತು. ನಕ್ಷೆ ಕೊನೆಯ ಸುದ್ದಿ ಬಂದ ಜಾಗವನ್ನೇ ತೋರಿಸುತ್ತಿತ್ತು. ಮೂವರನ್ನೂ ಸೇರಿಸಿ ಕಟ್ಟಿದ್ದ ಹಗ್ಗದಲ್ಲಿ ನೇತಾಡುತ್ತಿದ್ದ ಅವಳನ್ನು ಗೆಳತಿಯರು ಎಳೆದು ಮೇಲೆ ತಂದಿದ್ದರು.

"ತುದಿ ಮುಟ್ಟಿದ್ಯೇನು?" ನನ್ನವರು ಕೇಳಿದರು.

"ನೋ, ಅಪ್ಪಾ. ಗಾಳಿ ಜಾಸ್ತಿ ಇತ್ತು. ವಿ ಟರ್ನ್ಡ್ ಬ್ಯಾಕ್."

ಮೋಟೆಲಿನಲ್ಲಿ ಅವಳ ತಲೆ ತೊಳೆದೆ. ಸೊಂಟದ ಸುತ್ತ ಹಗ್ಗದ ಪಟ್ಟಿ ಬಿಗಿದ ಕಡೆಯೆಲ್ಲ ನೀಲಿಗಟ್ಟಿತ್ತು. ಮುಟ್ಟಿದರೆ ಉಸಿರು ಎಳೆದುಕೊಳ್ಳುತ್ತಿದ್ದಳು.

"ಮತ್ತ ಹೋಗ್ತೀಯೇನು?"

ಕಣ್ಣಿನ ಮೇಲಿನ ನೊರೆ ಒರೆಸಿಕೊಂಡಳು.

"ನಾಟ್ ದಿಸ್ ಇಯರ್, ಅಮ್ಮಾ," ಎಂದಳು.

ನಾನು ಇನ್ನೊಂದು ತಂಬಿಗೆ ಬಿಸಿನೀರು ಹಾಕಿದೆ.